ಕಮಿಷನ್ ಮೇಲೆ ಹರಾಜಿಗಿಟ್ಟ 21 ಕ್ಯಾಮೆರಾ ಸಾಮಾನು: ಗೊತ್ತಿಲ್ಲದೆ ಕಳವು ಮಾಲು ಮಾರಿದ ಒಂದು ಪ್ರಕರಣ

ಬೇರೆಯವರ ಸಾಮಾನನ್ನು ತಮ್ಮ ಖಾತೆಯಲ್ಲಿ ಹರಾಜಿಗಿಟ್ಟು ಕಮಿಷನ್ ಪಡೆಯುವವರು ಅಂತರ್ಜಾಲದ ದೊಡ್ಡ ಹರಾಜು ತಾಣಗಳಲ್ಲೆಲ್ಲ ಇದ್ದಾರೆ. ಫೋಟೊ ತೆಗೆಯುವುದು, ವಿವರ ಬರೆಯುವುದು, ಪ್ಯಾಕ್ ಮಾಡಿ ಕಳುಹಿಸುವುದು, ಕೊಳ್ಳುಗರ ಪ್ರಶ್ನೆಗೆ ಉತ್ತರಿಸುವುದು ಇವರ ಕೆಲಸ. ಕಳವು ಮಾಲನ್ನು ಸಾಗಹಾಕಬೇಕಾದವರಿಗೆ ಇಂಥವರ ಖಾತೆ ಬಹಳ ಬೆಲೆಬಾಳುವಂಥದ್ದು. ಹೊಸ ಖಾತೆಯಿಂದ ದುಬಾರಿ ಕ್ಯಾಮೆರಾ ಮಾರಹೊರಟರೆ ತಾಣವೂ ನಂಬುವುದಿಲ್ಲ, ಕೊಳ್ಳುವವರೂ ನಂಬುವುದಿಲ್ಲ. ವರ್ಷಗಟ್ಟಲೆ ಒಳ್ಳೆಯ ಅಭಿಪ್ರಾಯ ಗಳಿಸಿದ ಖಾತೆಯಲ್ಲಿ ಅದೇ ಕ್ಯಾಮೆರಾ ಮೂರು ದಿನಕ್ಕೆ ಹೋಗುತ್ತದೆ.

ಇಲ್ಲಿ ಕೊಟ್ಟಿರುವುದು ಇಂಥ ಪ್ರಕರಣಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ಘಟನಾಕ್ರಮವಾಗಿ ಜೋಡಿಸಿದ ಮಾದರಿ ಪ್ರಕರಣ. ಇದರಲ್ಲಿ ಯಾವುದೇ ಒಬ್ಬ ವ್ಯಕ್ತಿಯ ಗುರುತಿಲ್ಲ. ಹಣದ ಲೆಕ್ಕ ಯಾವ ದೇಶದವರಿಗೂ ಹೊಂದಲಿ ಎಂದು ಒಂದು ಸಾಮಾನಿನ ಸರಾಸರಿ ಹರಾಜು ಬೆಲೆಯನ್ನು 100 ಎಂದು ಇಟ್ಟುಕೊಂಡಿದ್ದೇವೆ.

ಒಪ್ಪಂದ

ಮಾರಾಟಗಾರ್ತಿಯ ಖಾತೆ ಹಳೆಯದು. ಕ್ಯಾಮೆರಾ ಬಿಡಿಭಾಗ, ಹಳೆಯ ಲೆನ್ಸ್, ಆಡಿಯೊ ಸಾಮಾನು ಮಾರಿ ಪಳಗಿದವರು. ಒಂದು ದಿನ ತಾಣದ ಸಂದೇಶದ ಮೂಲಕವೇ ಒಬ್ಬಾತ ಸಂಪರ್ಕಕ್ಕೆ ಬಂದ. ಬಾಡಿಗೆಗೆ ಕ್ಯಾಮೆರಾ ಕೊಡುವ ವ್ಯವಹಾರ ಮುಚ್ಚುತ್ತಿದ್ದೇನೆ, ಮಾಲು ಖಾಲಿ ಮಾಡಬೇಕು, ನನಗೆ ಹರಾಜಿನ ಅಭ್ಯಾಸವಿಲ್ಲ ಎಂದ. ಎರಡನೇ ಸಂದೇಶದಲ್ಲೇ ಮಾತನ್ನು ತಾಣದಿಂದ ಹೊರಗೆ, ಫೋನಿನ ಚಾಟ್ ಆ್ಯಪಿಗೆ ಒಯ್ದ. ಸಾಮಾನ್ಯಕ್ಕಿಂತ ಹೆಚ್ಚು ಕಮಿಷನ್, ಅಂದರೆ ಹರಾಜು ಬೆಲೆಯ 25 ಶೇಕಡ ಕೊಡುತ್ತೇನೆಂದ. ಅವನು ಹಾಕಿದ ಷರತ್ತು ಒಂದೇ. ಕೊಳ್ಳುಗ ಹಣ ಕಟ್ಟಿದ ದಿನವೇ ತನ್ನ ಪಾಲು ತನಗೆ ಸೇರಬೇಕು.

ಇಡೀ ಪ್ರಕರಣದ ಕೀಲು ಈ ಷರತ್ತು. ಹರಾಜು ತಾಣದಲ್ಲಿ ಹಣ ಬಂತು ಅಂದರೆ ವ್ಯವಹಾರ ಮುಗಿಯಿತು ಅಂತಲ್ಲ. ಇಬೇಯಂಥ ತಾಣದಲ್ಲಿ ಮಾಲು ತಲುಪಿದ ಮೇಲೆ ಸುಮಾರು 30 ದಿನ ಕೊಳ್ಳುಗ ತಕರಾರು ತೆಗೆಯಬಹುದು. ಪೇಪಾಲ್ ಮೂಲಕ ಕಟ್ಟಿದ್ದರೆ 180 ದಿನದವರೆಗೆ ಅವಕಾಶವಿದೆ. ಕ್ರೆಡಿಟ್ ಕಾರ್ಡಿನವರು ಬ್ಯಾಂಕಿನ ಮೂಲಕ ಹಣ ವಾಪಸ್ ಕೇಳಲು ಸಾಮಾನ್ಯವಾಗಿ 120 ದಿನ ಸಿಗುತ್ತದೆ. ಹಣ ಕಟ್ಟಿದ ದಿನವೇ ಪಾಲು ಕೊಟ್ಟರೆ ಈ ಅಷ್ಟೂ ದಿನಗಳ ಹೊಣೆ ಮಾರಾಟಗಾರ್ತಿಯ ತಲೆಗೆ ಬರುತ್ತದೆ. ಅಂಗಡಿ ಮುಚ್ಚುವ ಅವಸರ ಇರುವವರೂ ಹಣ ಬೇಗ ಕೇಳುತ್ತಾರೆ, ಅದು ನಿಜ. ಆದರೆ ಅವರು ಬಿಲ್ಲು ಕೊಡಬಲ್ಲರು. ಈತ ಕೊಡಲಿಲ್ಲ. ಹಣವನ್ನೂ ತನ್ನ ಹೆಸರಿನ ಖಾತೆಗೆ ಹಾಕಿಸಿಕೊಳ್ಳಲಿಲ್ಲ. ಪಾಲುದಾರನದೆಂದು ಬೇರೊಂದು ಹೆಸರಿನ ಖಾತೆ ಕೊಟ್ಟ, ಎರಡನೇ ಕಂತಿಗೆ ಇನ್ನೊಂದು ಹೆಸರು ಕೊಟ್ಟ.

ಮೂರು ಕಂತು

ಮೊದಲ ಕಂತಿನಲ್ಲಿ 3 ಸಾಮಾನು: ಎರಡು ಲೆನ್ಸ್, ಒಂದು ಫ್ಲ್ಯಾಶ್. ಮೂರೂ ಹಳೆಯವು, ಪೆಟ್ಟಿಗೆ ಸಮೇತ ಬಂದವು, ಒಂದರ ಜೊತೆ ಮಾಸಿದ ಬಿಲ್ಲೂ ಇತ್ತು. ಏಳು ದಿನದ ಹರಾಜಿನಲ್ಲಿ ಹೋದವು, ಯಾರೂ ದೂರಲಿಲ್ಲ. ಮುಂದೆ ಪೊಲೀಸರು ಪಟ್ಟಿ ತಾಳೆ ನೋಡಿದಾಗ ಈ ಮೂರರಲ್ಲಿ ಒಂದೂ ಕಳವಿನ ದೂರಿನಲ್ಲಿ ಇರಲಿಲ್ಲ. ಮೊದಲ ಕಂತು ಚೊಕ್ಕವಾಗಿರುವುದು ಈ ದಂಧೆಯಲ್ಲಿ ಸಾಮಾನ್ಯ. ನಂಬಿಕೆ ಹುಟ್ಟಿಸುವುದಕ್ಕೇ ಅದನ್ನು ಕೊಡುತ್ತಾರೆ. ಆದ್ದರಿಂದ ಮೊದಲ ಕಂತನ್ನು ಪರಿಶೀಲಿಸಿದ್ದೇನೆ ಎಂಬುದು ಎರಡನೆಯದಕ್ಕೆ ಆಧಾರವಾಗುವುದಿಲ್ಲ.

ಎರಡನೇ ಕಂತು 14ನೇ ದಿನ ಬಂತು: ಎರಡು ಬಾಡಿ (ಲೆನ್ಸ್ ಜೋಡಿಸುವ ಕ್ಯಾಮೆರಾದ ಮುಖ್ಯ ಭಾಗ), ನಾಲ್ಕು ಲೆನ್ಸ್. ಮೂರನೆಯದು 28ನೇ ದಿನ: ಐದು ಬಾಡಿ, ಏಳು ಲೆನ್ಸ್. ಒಟ್ಟು 21. ತೊಂದರೆ ಸ್ಫೋಟಿಸಿದ 38ನೇ ದಿನದ ಹೊತ್ತಿಗೆ 12 ಮಾರಾಟವಾಗಿ ರವಾನೆಯಾಗಿದ್ದವು, 5 ಹರಾಜಿನಲ್ಲಿದ್ದವು, 4 ಇನ್ನೂ ಲಿಸ್ಟ್ ಆಗಿರಲಿಲ್ಲ.

ಮಾರಾಟಗಾರ್ತಿ ಸಾಮಾನನ್ನು ನೋಡದೆ ಇರಲಿಲ್ಲ. ಲೆನ್ಸಿನ ಗಾಜಿನಲ್ಲಿ ಫಂಗಸ್ ಇದೆಯೇ, ಆಟೊಫೋಕಸ್ ನಡೆಯುತ್ತದೆಯೇ, ಶಟರ್ ಎಷ್ಟು ಸಲ ಬಿದ್ದಿದೆ, ಸೆನ್ಸರಿನಲ್ಲಿ ಕಲೆ ಇದೆಯೇ ಎಂದೆಲ್ಲ ಶ್ರದ್ಧೆಯಿಂದ ಪರೀಕ್ಷಿಸಿದರು. ಅದೆಲ್ಲ ಮಾಲಿನ ಸ್ಥಿತಿಯ ಪರೀಕ್ಷೆ. ಮಾಲು ಯಾರದು ಎಂಬ ಪರೀಕ್ಷೆ ಬೇರೆಯೇ ಇದೆ. ಅದಕ್ಕೆ ಬೇಕಾದ ಸುಳಿವುಗಳು ಮೇಜಿನ ಮೇಲೇ ಇದ್ದವು.

ಏಳು ಬಾಡಿಗಳಿಗೆ ಒಂದೇ ಚಾರ್ಜರ್ ಇತ್ತು. ಕಳವಿನ ಕ್ಯಾಮೆರಾದಲ್ಲಿ ಇದು ಬಹಳ ಸಹಜ. ಕ್ಯಾಮೆರಾ ಕದಿಯುವುದು ಕಾರಿನ ಸೀಟಿನಿಂದ, ಸಮಾರಂಭದ ಮೂಲೆಯಲ್ಲಿಟ್ಟ ಚೀಲದಿಂದ. ಚಾರ್ಜರ್ ಮನೆಯ ಪ್ಲಗ್ಗಿನಲ್ಲೇ ಉಳಿದಿರುತ್ತದೆ. ಬ್ಯಾಟರಿ ಇದೆ, ಚಾರ್ಜರ್ ಇಲ್ಲ, ಪೆಟ್ಟಿಗೆ ಇಲ್ಲ, ಕೈಪಿಡಿ ಇಲ್ಲ, ಆದರೆ ದುಬಾರಿ ಲೆನ್ಸ್ ಕ್ಯಾಮೆರಾದ ಬಾಡಿಯೊಂದಿಗೆ ಕೂಡಿಕೊಂಡೇ ಇದೆ ಎಂದರೆ ಅದು ಬಳಕೆಯಲ್ಲಿದ್ದಾಗಲೇ ಕೈಬಿಟ್ಟುಹೋದ ಸಾಮಾನು. ಬ್ಯಾಟರಿಯಿಂದ ನಡೆಯುವ ಡ್ರಿಲ್, ಗರಗಸಗಳ ವಿಷಯದಲ್ಲೂ ಚಾರ್ಜರ್ ಇಲ್ಲದಿರುವುದು ಇದೇ ಕಾರಣಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ.

ಬಾಡಿಗೆ ಅಂಗಡಿಯ ಮಾಲು ಎಂಬ ಮಾತೂ ನೋಟಕ್ಕೆ ಹೊಂದುತ್ತಿರಲಿಲ್ಲ. ಬಾಡಿಗೆ ಸಾಮಾನಿನ ಮೇಲೆ ನಂಬರಿನ ಸ್ಟಿಕರ್ ಅಥವಾ ಅದನ್ನು ಕಿತ್ತ ಅಂಟಿನ ಗುರುತು ಇರುತ್ತದೆ. ಒಂದೇ ಮಾದರಿಯ ಹಲವು ಬಾಡಿಗಳಿರುತ್ತವೆ, ಶಟರ್ ಲೆಕ್ಕ ಭಾರಿಯಾಗಿರುತ್ತದೆ. ಇಲ್ಲಿ ಏಳು ಬಾಡಿ ನಾಲ್ಕು ಕಂಪನಿಗಳವು, ಕೊರಳಿಗೆ ಹಾಕುವ ಪಟ್ಟಿಗಳೆಲ್ಲ ಬೇರೆ ಬೇರೆ, ಎರಡರಲ್ಲಿ ಮೆಮೊರಿ ಕಾರ್ಡ್ ಒಳಗೇ ಇತ್ತು. ವ್ಯಾಪಾರ ಮುಚ್ಚುವವರು ಕಾರ್ಡ್ ತೆಗೆಯದೆ ಕ್ಯಾಮೆರಾ ಕೊಡುವುದಿಲ್ಲ. ಮೂರನೇ ಕಂತಿನ ಒಂದು ಲೆನ್ಸ್ ಪೆಟ್ಟಿಗೆಯಲ್ಲಿ ಬಂದಿತ್ತು, ಪೆಟ್ಟಿಗೆಯ ಚೀಟಿಯ ಸೀರಿಯಲ್ ನಂಬರೇ ಬೇರೆ, ಕ್ಯಾಮೆರಾಕ್ಕೆ ಕೂಡುವ ತುದಿಯ (ಮೌಂಟಿನ) ಬಳಿ ಲೆನ್ಸಿನ ಮೇಲೆ ಕೊರೆದ ನಂಬರೇ ಬೇರೆ. ಹಳೆ ಸಾಮಾನಿನಲ್ಲಿ ಪೆಟ್ಟಿಗೆ ಅದಲುಬದಲಾಗುವುದುಂಟು, ಇದೊಂದರಿಂದಲೇ ಏನೂ ಸಾಬೀತಾಗದು. ಆದರೆ ಇಂಥ ಐದಾರು ಸುಳಿವು ಒಬ್ಬನೇ ಕೊಟ್ಟ ಮಾಲಿನಲ್ಲಿ ಸೇರಿದಾಗ ಕೈ ನಿಲ್ಲಬೇಕು.

ಹೆಸರು ಸಿಕ್ಕಿದ ಬಗೆ

ಎರಡನೇ ಕಂತಿನ ಒಂದು ಬಾಡಿ ಕೊಂಡವರು ಅದರಲ್ಲಿ ತೆಗೆದ ಮೊದಲ ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿಕೊಂಡರು. ಕಡತದ ವಿವರ ತೆರೆದರೆ ಛಾಯಾಗ್ರಾಹಕ ಎಂಬ ಜಾಗದಲ್ಲಿ ಯಾರದೋ ಹೆಸರು, ಕೃತಿಸ್ವಾಮ್ಯ ಎಂಬಲ್ಲಿ ಅದೇ ಹೆಸರು ಮತ್ತು ಒಂದು ಜಾಲತಾಣದ ವಿಳಾಸ.

ಇದು ಹೇಗೆ ಉಳಿಯುತ್ತದೆ ಎಂಬುದನ್ನು ಹಳೆ ಕ್ಯಾಮೆರಾ ಮಾರುವ ಪ್ರತಿಯೊಬ್ಬರೂ ತಿಳಿದಿರಬೇಕು. ಕ್ಯಾಮೆರಾ ತೆಗೆಯುವ ಪ್ರತಿ ಚಿತ್ರದ ಜೊತೆ ಎಕ್ಸಿಫ್ ಎಂಬ ಮಾಹಿತಿಯ ತುಣುಕು ಸೇರಿರುತ್ತದೆ. ದಿನಾಂಕ, ಶಟರ್ ವೇಗ, ಲೆನ್ಸಿನ ಹೆಸರಿನ ಜೊತೆಗೆ ಹಲವು ಮಾದರಿಗಳಲ್ಲಿ ಬಾಡಿಯ ಸೀರಿಯಲ್ ನಂಬರೂ ಅದರಲ್ಲಿರುತ್ತದೆ. ಮೆನುವಿನಲ್ಲಿ ಮಾಲೀಕರು ತಮ್ಮ ಹೆಸರು ತುಂಬಿದ್ದರೆ ಅದೂ ಸೇರುತ್ತದೆ. ಆ ಹೆಸರು ಇರುವುದು ಕಾರ್ಡಿನಲ್ಲಲ್ಲ, ಕ್ಯಾಮೆರಾದ ಒಳಗಿನ ನೆನಪಿನಲ್ಲಿ. ಕಾರ್ಡ್ ಫಾರ್ಮ್ಯಾಟ್ ಮಾಡಿದರೆ ಹೋಗದು. ಕೆಲವು ಕಂಪನಿಗಳ ಕ್ಯಾಮೆರಾದಲ್ಲಿ ಎಲ್ಲ ಸೆಟ್ಟಿಂಗ್ ಅಳಿಸಿದರೂ ಕೃತಿಸ್ವಾಮ್ಯದ ಹೆಸರು ಉಳಿಯುತ್ತದೆ, ಅದನ್ನು ತೆಗೆಯಲು ಮೆನುವಿನಲ್ಲಿ ಪ್ರತ್ಯೇಕ ಆಯ್ಕೆ ಇದೆ. ಕದ್ದವನಿಗೆ ಅದು ಗೊತ್ತಿರಲಿಲ್ಲ.

ಮಾರಾಟಗಾರ್ತಿಯೂ ಅದೇ ಕ್ಯಾಮೆರಾದಿಂದ ಮಾದರಿ ಚಿತ್ರ ತೆಗೆದು ಲಿಸ್ಟಿಂಗಿಗೆ ಹಾಕಿದ್ದರು. ಹಲವು ತಾಣಗಳು ಚಿತ್ರ ಏರಿಸುವಾಗಲೇ ಎಕ್ಸಿಫ್ ಕಳಚಿಬಿಡುವುದರಿಂದ ಹರಾಜಿನ ಪುಟದಲ್ಲಿ ಆ ಹೆಸರು ಯಾರಿಗೂ ಕಾಣಲಿಲ್ಲ. ಅವರ ಕಂಪ್ಯೂಟರಿನಲ್ಲಿದ್ದ ಮೂಲ ಕಡತದಲ್ಲಿ ಮಾತ್ರ ಇತ್ತು. ಮೂಲ ಚಿತ್ರದ ಗುಣಲಕ್ಷಣ ತೆರೆದು ನೋಡಲು ಅರ್ಧ ನಿಮಿಷ ಸಾಕು. ನೋಡಿದ್ದರೆ 14ನೇ ದಿನವೇ ವಿಷಯ ಹೊರಬೀಳುತ್ತಿತ್ತು, ಮೂರನೇ ಕಂತು ಬರುತ್ತಲೇ ಇರಲಿಲ್ಲ.

ಕೊಂಡವರು ಆ ಜಾಲತಾಣದ ವಿಳಾಸಕ್ಕೆ ಬರೆದರು. ಅಲ್ಲಿಂದ ಬಂದ ಉತ್ತರದಲ್ಲಿ ಕಳವಿನ ದೂರಿನ ಸಂಖ್ಯೆ ಮತ್ತು ಬಾಡಿಯ ಸೀರಿಯಲ್ ನಂಬರ್ ಇದ್ದವು. ಎರಡೂ ತಾಳೆಯಾದವು.

ಸುದ್ದಿ ಬಂದ ಮೇಲಿನ ಎರಡು ದಿನ

38ನೇ ದಿನ ಬೆಳಿಗ್ಗೆ ಕೊಳ್ಳುಗರ ಸಂದೇಶ ಬಂತು. ಆ ಗಳಿಗೆಯವರೆಗೆ ಮಾರಾಟಗಾರ್ತಿಗೆ ಗೊತ್ತಿರಲಿಲ್ಲ. ಅಲ್ಲಿಂದ ಮುಂದೆ ಗೊತ್ತಿದೆ. ಕಾನೂನಿನ ಕಣ್ಣಿನಲ್ಲಿ ಅವರು ಎರಡು ಬೇರೆ ಬೇರೆ ಜಾಗದಲ್ಲಿ ನಿಂತವರು. ಮುಂದಿನ ಪ್ರತಿ ಹೆಜ್ಜೆಯನ್ನೂ ಗೊತ್ತಿದ್ದವರು ಮಾಡಿದ ಕೆಲಸ ಎಂದೇ ತೂಗಲಾಗುತ್ತದೆ. ಇಂಥ ಪ್ರಕರಣಗಳಲ್ಲಿ ಮುಗ್ಧರು ಆರೋಪಿಗಳಾಗುವುದು ಹೆಚ್ಚಾಗಿ ಇಲ್ಲಿ, ಮಾರಿದ್ದಕ್ಕಿಂತ ಮಾರಿದ ಮೇಲೆ ಮಾಡಿದ್ದಕ್ಕಾಗಿ.

ಅವರು ಮೊದಲು ಮಾಡಿದ್ದು ಮಾಲು ಕೊಟ್ಟವನಿಗೆ ಸಂದೇಶ ಕಳುಹಿಸಿದ್ದು: ಇದು ಕಳವಿನ ಮಾಲಂತೆ, ಏನು ವಿಷಯ? ಮನುಷ್ಯ ಸಹಜವಾಗಿ ಹಾಗೇ ಕೇಳುತ್ತಾನೆ. ಪರಿಣಾಮ ಮಾತ್ರ ಕೆಟ್ಟದಾಯಿತು. ಅವನು ಹತ್ತು ನಿಮಿಷದಲ್ಲಿ ತನ್ನ ಹಳೆಯ ಸಂದೇಶಗಳನ್ನು ಎರಡೂ ಕಡೆಯಿಂದ ಅಳಿಸಿದ, ಮೂರನೇ ಕಂತಿನ ಸೀರಿಯಲ್ ಫೋಟೊಗಳೂ ಅದರಲ್ಲೇ ಹೋದವು. ಆಮೇಲೆ ಹೊಸ ನಂಬರಿನಿಂದ ಕರೆ ಮಾಡಿ, ತಪ್ಪು ತಿಳುವಳಿಕೆಯಾಗಿದೆ, ಉಳಿದ 9 ಸಾಮಾನು ವಾಪಸ್ ಕೊಡಿ, ಹುಡುಗನನ್ನು ಕಳುಹಿಸುತ್ತೇನೆ ಎಂದ.

ಇಲ್ಲಿ ಅವರು ಕೊಡಲಿಲ್ಲ. ಪ್ರಕರಣ ಅವರ ಪರ ತಿರುಗಿದ್ದು ಇದರಿಂದ. ಕಳವಿನದೆಂದು ತಿಳಿದ ಮೇಲೆ ಮಾಲನ್ನು ಕೊಟ್ಟವನಿಗೇ ಮರಳಿಸುವುದು ನ್ಯಾಯವೆಂದು ಅನಿಸಬಹುದು. ಆದರೆ ಅದು ಸಾಕ್ಷ್ಯವನ್ನು ಆರೋಪಿಯ ಕೈಗೆ ಕೊಟ್ಟಂತೆ, ಮಾಲೀಕರ ಸ್ವತ್ತನ್ನು ಎರಡನೇ ಸಲ ದೂರ ಮಾಡಿದಂತೆ. ಮಾಲು ಹೋಗಬೇಕಾದದ್ದು ಪೊಲೀಸರಿಗೆ ಮಾತ್ರ, ಅದೂ ರಸೀದಿಗೆ. ಮಾಲೀಕನೆಂದು ಹೇಳಿಕೊಂಡು ಬಂದವರಿಗೂ ನೇರವಾಗಿ ಕೊಡಬಾರದು. ಇಬ್ಬರು ಮಾಲೀಕರು ಬರುವುದುಂಟು, ವಿಮೆ ಹಣ ಪಡೆದಿದ್ದರೆ ಒಡೆತನ ವಿಮಾ ಕಂಪನಿಗೆ ಹೋಗಿರುವುದೂ ಉಂಟು.

ಈ ಹಂತದಲ್ಲಿ ಕೆಲಸ ನಡೆಯಬೇಕಾದ ಕ್ರಮ ಹೀಗೆ. ಯಾರಿಗೂ ಉತ್ತರಿಸುವ ಮೊದಲು ಮಾಲು ಕೊಟ್ಟವನ ಜೊತೆಗಿನ ಪೂರ್ತಿ ಚಾಟನ್ನು ರಫ್ತು ಮಾಡಿ ಬೇರೆ ಕಡೆ ಉಳಿಸಬೇಕು. ತೆರೆಯ ಚಿತ್ರ ತೆಗೆದರೆ ಅವನ ನಂಬರ್ ಮತ್ತು ದಿನಾಂಕ ಕಾಣುವಂತೆ ತೆಗೆಯಬೇಕು, ಹೆಸರು ಮಾತ್ರ ಕಂಡರೆ ಸಾಲದು, ಹೆಸರನ್ನು ಯಾರು ಬೇಕಾದರೂ ಬದಲಿಸಬಹುದು. ನಂತರ ನಡೆಯುತ್ತಿರುವ ಹರಾಜುಗಳನ್ನು ನಿಲ್ಲಿಸಬೇಕು. ಬಿಡ್ ಬಂದಿದ್ದರೆ ರದ್ದು ಮಾಡಿ, ಮಾಲು ಮಾರಾಟಕ್ಕೆ ಲಭ್ಯವಿಲ್ಲ ಎಂಬ ಕಾರಣ ನಮೂದಿಸಬೇಕು. ಹರಾಜು ಮುಗಿಯುವ ಹೊತ್ತು ಹತ್ತಿರವಾದಾಗ ಕೆಲವು ತಾಣಗಳಲ್ಲಿ ಬಿಡ್ ರದ್ದು ಮಾಡುವುದು ಕಷ್ಟ. ಆಗ ತಾಣದ ಸಹಾಯ ವಿಭಾಗಕ್ಕೆ ಬರೆಯಬೇಕು, ಹರಾಜು ಮುಗಿದುಬಿಟ್ಟರೂ ಮಾಲು ಕಳುಹಿಸದೆ ಹಣ ಹಿಂತಿರುಗಿಸಬೇಕು. ಹರಾಜು ನಿಲ್ಲಿಸುವುದು ಬೇರೆ, ಲಿಸ್ಟಿಂಗ್ ಅಳಿಸುವುದು ಬೇರೆ. ಹಳೆಯ ಲಿಸ್ಟಿಂಗ್, ಫೋಟೊ, ಕೊಳ್ಳುಗರ ಪ್ರಶ್ನೋತ್ತರ ಒಂದನ್ನೂ ಅಳಿಸಬಾರದು. ಹೆದರಿ ಅಳಿಸಿದವರು ಮುಚ್ಚಿಟ್ಟವರಂತೆ ಕಾಣುತ್ತಾರೆ.

ಉಳಿದ 9 ಸಾಮಾನನ್ನು ಒಂದೊಂದಾಗಿ ಸೀರಿಯಲ್ ನಂಬರ್ ಸ್ಪಷ್ಟವಾಗಿ ಕಾಣುವಂತೆ ಫೋಟೊ ತೆಗೆದು, ಪೆಟ್ಟಿಗೆಗೆ ಹಾಕಿ, ಟೇಪ್ ಸುತ್ತಿ, ದಿನಾಂಕ ಬರೆದು ಸಹಿ ಹಾಕಿಡಬೇಕು. ಒರೆಸಬಾರದು, ಮೆನುವಿನಲ್ಲಿ ರಿಸೆಟ್ ಮಾಡಬಾರದು, ಒಳಗಿದ್ದ ಕಾರ್ಡ್ ತೆರೆದು ನೋಡುವ ಕುತೂಹಲವೂ ಬೇಡ. ಇಷ್ಟಾದ ಮೇಲೆ ಪೊಲೀಸರಿಗೆ ಬರಹದಲ್ಲಿ ತಿಳಿಸಿ ಸ್ವೀಕೃತಿ ಪಡೆಯಬೇಕು. ವಕೀಲರ ಸಲಹೆ ಸಿಗುವುದಾದರೆ ಹೇಳಿಕೆ ಕೊಡುವ ಮೊದಲೇ ಪಡೆಯುವುದು ಒಳ್ಳೆಯದು. ಅದಕ್ಕಾಗಿ ತಿಳಿಸುವುದನ್ನೇ ವಾರಗಟ್ಟಲೆ ಮುಂದೂಡುವುದು ಒಳ್ಳೆಯದಲ್ಲ.

ಮಾರಾಟಗಾರ್ತಿ ಎರಡನೇ ದಿನ ಸಂಜೆ ಠಾಣೆಗೆ ಹೋದರು. ತಾಣ ಅದಕ್ಕೂ ಮೊದಲೇ ಖಾತೆ ಅಮಾನತು ಮಾಡಿ ಬರಬೇಕಿದ್ದ ಹಣ ತಡೆಹಿಡಿದಿತ್ತು. ಅವರ ಸ್ವಂತ ಸಾಮಾನು ಮಾರಿದ ಹಣವೂ ಅದರಲ್ಲಿ ಸಿಕ್ಕಿಬಿತ್ತು.

ತನಿಖೆಯಲ್ಲಿ ಕೇಳಿದ್ದು

ತನಿಖಾಧಿಕಾರಿ ಕೇಳಿದ್ದರಲ್ಲಿ ಅವರ ಪ್ರಾಮಾಣಿಕತೆಯ ಬಗೆಗಿನ ಪ್ರಶ್ನೆ ಕಡಿಮೆ, ಕಾಗದದ ಪ್ರಶ್ನೆ ಹೆಚ್ಚು. ಮಾಲು ಕೊಟ್ಟವನ ಗುರುತಿನ ಚೀಟಿಯ ಪ್ರತಿ ಎಲ್ಲಿ? ಯಾವ ದಿನ, ಯಾವ ಜಾಗದಲ್ಲಿ, ಎಷ್ಟು ಸಾಮಾನು ಪಡೆದಿರಿ? ಸೀರಿಯಲ್ ನಂಬರಿನ ಪಟ್ಟಿ ಇದೆಯೇ? ಹಣ ಯಾರ ಖಾತೆಗೆ ಹೋಯಿತು, ಹೆಸರು ಬೇರೆಯಾದಾಗ ಏಕೆ ಕೇಳಲಿಲ್ಲ? ಆರಂಭದ ಬೆಲೆಯನ್ನು ಯಾರು ನಿಗದಿ ಮಾಡಿದರು?

ಕೊನೆಯ ಪ್ರಶ್ನೆ ಸಣ್ಣದಲ್ಲ. ಮಾರುಕಟ್ಟೆ ಬೆಲೆಯ ಅರ್ಧಕ್ಕೆ ಹರಾಜು ಶುರುಮಾಡಿ, ಬಂದಷ್ಟಕ್ಕೆ ಕೊಡಿ ಎಂದು ಮಾಲು ಕೊಟ್ಟವನೇ ಹೇಳಿದರೆ ಅದನ್ನು ಅನುಮಾನಕ್ಕೆ ಕಾರಣ ಎಂದು ಓದುತ್ತಾರೆ. ಇಲ್ಲಿ ಮಾರಾಟಗಾರ್ತಿಗೆ ನೆರವಾದದ್ದು ಮಾರುಕಟ್ಟೆ ದರಕ್ಕೆ ಹತ್ತಿರದ ಬೆಲೆಗೆ ಮಾರಿದ್ದು, ತಮ್ಮ ನಿಜವಾದ ಹೆಸರಿನ ಖಾತೆಯಲ್ಲಿ ಮಾರಿದ್ದು, ಎಲ್ಲ ಹಣವೂ ಬ್ಯಾಂಕಿನ ಮೂಲಕವೇ ಓಡಾಡಿದ್ದು. ಹರಾಜಿನ ಫೋಟೊಗಳಲ್ಲಿ ಹಲವು ಸೀರಿಯಲ್ ನಂಬರ್ ಕಾಣುವಂತಿದ್ದವು, ಕದ್ದ ಮಾಲೆಂದು ಗೊತ್ತಿರುವವರು ನಂಬರ್ ತೋರಿಸುವುದಿಲ್ಲ. ಅವರಿಗೆ ಮುಳುವಾದದ್ದು ಗುರುತಿನ ಚೀಟಿ ಇಲ್ಲದ್ದು, ಮಾಲು ಪಡೆದುದಕ್ಕೆ ಒಂದು ಸಾಲಿನ ಬರಹವೂ ಇಲ್ಲದ್ದು.

ಮೂರನೇ ಕಂತಿನ ಚಾಟ್ ಹೋಗಿದ್ದರೂ ಬ್ಯಾಂಕ್ ದಾಖಲೆ ಉಳಿದಿತ್ತು. ಪಾಲು ಕಳುಹಿಸಿದ ಎರಡು ಖಾತೆಗಳ ಮೂಲಕವೇ ತನಿಖೆ ಮುಂದಕ್ಕೆ ಹೋಯಿತು. ನಗದು ಕೊಟ್ಟಿದ್ದರೆ ಆ ದಾರಿಯೂ ಇರುತ್ತಿರಲಿಲ್ಲ.

ಕಾನೂನು ಏನನ್ನುತ್ತದೆ

ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ನೋಡಬೇಕು: ಅಪರಾಧವೇ ಎಂಬುದು ಒಂದು, ಹಣ ಯಾರು ಕಟ್ಟಬೇಕು ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಗೊತ್ತಿತ್ತೇ ಇಲ್ಲವೇ ಎಂಬುದೇ ಎಲ್ಲ. ಎರಡನೆಯದರಲ್ಲಿ ಅದಕ್ಕೆ ಬಹುತೇಕ ಬೆಲೆಯಿಲ್ಲ.

ಭಾರತದಲ್ಲಿ ಹಿಂದೆ ದಂಡ ಸಂಹಿತೆಯ 411ನೇ ಕಲಂನಲ್ಲಿದ್ದ ಅಪರಾಧ ಈಗ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂನಲ್ಲಿದೆ, 2024ರ ಜುಲೈ 1ರಿಂದ ಜಾರಿಯಲ್ಲಿದೆ. ಕಳವಿನದೆಂದು ಗೊತ್ತಿದ್ದು, ಅಥವಾ ಹಾಗೆ ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಪಡೆಯುವುದು ಅಥವಾ ಇಟ್ಟುಕೊಳ್ಳುವುದು ಅಪರಾಧ. ಇಟ್ಟುಕೊಳ್ಳುವುದು ಎಂಬ ಮಾತನ್ನು ಗಮನಿಸಬೇಕು. ಪಡೆಯುವಾಗ ಗೊತ್ತಿರದಿದ್ದರೂ, ಗೊತ್ತಾದ ಮೇಲೆ ದುರುದ್ದೇಶದಿಂದ ಬಳಿಯಿಟ್ಟುಕೊಂಡರೆ ಅದು ಅನ್ವಯಿಸುತ್ತದೆ. ಇಂಗ್ಲೆಂಡಿನ 1968ರ ಕಳವು ಕಾಯಿದೆಯ 22ನೇ ಕಲಂ ಗೊತ್ತಿರಬೇಕು ಅಥವಾ ನಂಬಿರಬೇಕು ಎನ್ನುತ್ತದೆ. ಬರೀ ಅನುಮಾನ ಅಲ್ಲಿ ಸಾಲದು.

ಹಣದ ವಿಷಯಕ್ಕೆ ಬಂದರೆ ತತ್ವ ಹಳೆಯದು: ತನ್ನದಲ್ಲದ್ದರ ಒಡೆತನವನ್ನು ಯಾರೂ ಬೇರೆಯವರಿಗೆ ಕೊಡಲಾರರು. ಭಾರತದ 1930ರ ಸರಕು ಮಾರಾಟ ಕಾಯಿದೆಯ 27ನೇ ಕಲಂ ಇದನ್ನೇ ಹೇಳುತ್ತದೆ. ತೆರೆದ ಹರಾಜಿನಲ್ಲಿ, ಎಲ್ಲರ ಕಣ್ಣೆದುರು ಮಾರಿದರೆ ಮಾಲು ಶುದ್ಧವಾಗುತ್ತದೆ ಎಂದು ನಂಬುವವರು ಈಗಲೂ ಇದ್ದಾರೆ. ಇಂಗ್ಲೆಂಡಿನಲ್ಲಿ ಕೆಲವು ಬಯಲು ಸಂತೆಗಳಲ್ಲಿ ಹಗಲಲ್ಲಿ ಕೊಂಡವರಿಗೆ ಒಡೆತನ ಸಿಗುವ ನಿಯಮ ನಿಜಕ್ಕೂ ಇತ್ತು. 1994ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಫ್ರಾನ್ಸಿನಲ್ಲಿ ಸ್ವಲ್ಪ ಬೇರೆ: ಕಳವಾದ ದಿನದಿಂದ 3 ವರ್ಷದೊಳಗೆ ಮಾಲೀಕರು ಕೇಳಬಹುದು, ಆದರೆ ಸಾರ್ವಜನಿಕ ಮಾರಾಟದಲ್ಲೋ ಅಂಥ ಸರಕಿನ ವ್ಯಾಪಾರಿಯ ಬಳಿಯೋ ಕೊಂಡವರಿಗೆ ಕೊಟ್ಟ ಬೆಲೆ ಕಟ್ಟಿಯೇ ಪಡೆಯಬೇಕು.

ಮಾರಾಟಗಾರ್ತಿ ಹೇಳಿದ್ದು, ನಾನು ಬರೀ ಮಧ್ಯವರ್ತಿ, ನನಗೆ ಸಿಕ್ಕಿದ್ದು ಕಮಿಷನ್ ಮಾತ್ರ ಎಂದು. ಇಂಗ್ಲಿಷ್ ಕಾನೂನಿನಲ್ಲಿ ಈ ವಾದ 1875ರಲ್ಲೇ ಬಿದ್ದುಹೋಗಿದೆ. ಹಾಲಿನ್ಸ್ ಮತ್ತು ಫೌಲರ್ ಪ್ರಕರಣದಲ್ಲಿ ಹತ್ತಿ ದಲ್ಲಾಳಿಗಳು ಮೋಸದಿಂದ ಬಂದ ಹತ್ತಿಯನ್ನು ಏನೂ ಅರಿಯದೆ ದಲ್ಲಾಳಿ ಹಣಕ್ಕಷ್ಟೇ ಕೈದಾಟಿಸಿದ್ದರು, ಆದರೂ ನಿಜವಾದ ಮಾಲೀಕರಿಗೆ ಹೊಣೆಯಾದರು. 1923ರ ರೋಲ್ಯಾಂಡ್ ಮತ್ತು ಡಿವಾಲ್ ಪ್ರಕರಣ ಇನ್ನೂ ಕಠಿಣ. ಕಳವಿನ ಕಾರು ಎಂದು ತಿಳಿಯದೆ ಮಾರಿದವರು, ಆ ಕಾರು ತಿಂಗಳುಗಟ್ಟಲೆ ಬಳಕೆಯಾಗಿದ್ದರೂ ಪೂರ್ತಿ ಬೆಲೆ ಹಿಂತಿರುಗಿಸಬೇಕಾಯಿತು. ಬಳಸಿದ್ದಕ್ಕೆ ಕಡಿತವೂ ಸಿಗಲಿಲ್ಲ. ಹರಾಜಿನಲ್ಲಿ ಸ್ವಂತ ಖಾತೆಯಿಂದ, ಬೇರೆಯವರ ಪರವಾಗಿ ಮಾರುತ್ತಿದ್ದೇನೆ ಎಂದು ಹೇಳದೆ ಮಾರಿದಾಗ ಕೊಳ್ಳುಗರ ಪಾಲಿಗೆ ಮಾರಿದವರು ಆ ಖಾತೆಯವರೇ. ಇದ್ದ ಹಾಗೆ ಮಾರಾಟ, ವಾಪಸ್ ಇಲ್ಲ ಎಂದು ಬರೆಯುವುದು ಮಾಲಿನ ಸ್ಥಿತಿಗೆ ಸಂಬಂಧಿಸಿದ್ದು, ಒಡೆತನದ ಹೊಣೆಯನ್ನು ಅದು ಕಳಚುವುದಿಲ್ಲ.

ಲೆಕ್ಕ

ಮಾರಿದ 12 ಸಾಮಾನಿಗೆ ಒಟ್ಟು 1200 ಬಂತು. ತಾಣದ ಶುಲ್ಕ 12 ಶೇಕಡದಂತೆ 144 ಹೋಯಿತು. ಮಾಲು ಕೊಟ್ಟವನಿಗೆ 75 ಶೇಕಡ, ಅಂದರೆ 900 ಸೇರಿತು. ಮಾರಾಟಗಾರ್ತಿಗೆ ಉಳಿದದ್ದು 156, ಸಾಮಾನಿಗೆ 13ರಂತೆ.

ಪೊಲೀಸರ ತಾಳೆಯಲ್ಲಿ ಮಾರಿದ 12ರಲ್ಲಿ 8 ಕಳವಿನವು ಎಂದು ಬಂತು. ಎಂಟೂ ಕೊಳ್ಳುಗರಿಗೆ 800 ಹಿಂತಿರುಗಿಸಬೇಕಾಯಿತು. ಆ ಎಂಟರ ಶುಲ್ಕ 96ನ್ನು ತಾಣ ವಾಪಸ್ ಕೊಟ್ಟರೂ ನಷ್ಟ 548, ಕೊಡದಿದ್ದರೆ 644. ಇದರ ಮೇಲೆ ವಾಪಸ್ ಸಾಗಣೆ, ವಕೀಲರ ಖರ್ಚು, ಖಾತೆ ನಿಂತ ದಿನಗಳ ನಷ್ಟ ಬೇರೆ. ಒಂದು ಕಳವಿನ ಸಾಮಾನಿನಿಂದ, ಶುಲ್ಕ ವಾಪಸ್ ಬಂದರೂ, ಆಗಲೇ ಕೊಟ್ಟ ಪಾಲು 75 ಹೋಗುತ್ತದೆ, ಒಂದು ಒಳ್ಳೆಯದರಿಂದ 13 ಬರುತ್ತದೆ. ಆರು ಒಳ್ಳೆಯ ಮಾರಾಟದ ಗಳಿಕೆ ಒಂದು ಕಳವಿನ ಸಾಮಾನಿಗೆ ಕರಗುತ್ತದೆ. ಕಮಿಷನ್ ಹೆಚ್ಚಾಗಿದೆ ಎಂದು ಖುಷಿಪಡುವ ಮೊದಲು ಈ ಗಣಿತ ಹಾಕಬೇಕು.

ಪಾಲನ್ನು ತಕರಾರಿನ ಅವಧಿ ಮುಗಿದ ಮೇಲೆ ಕೊಡುತ್ತೇನೆ ಎಂದಿದ್ದರೆ? ಎರಡನೇ ಕಂತು ಬಂದದ್ದು 14ನೇ ದಿನ, ಸುದ್ದಿ ಬಂದದ್ದು 38ನೇ ದಿನ. ಆ ಎಂಟರ ಪೈಕಿ ಒಂದರ ಹಣವೂ ಕೈದಾಟಿರುತ್ತಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, 30 ದಿನ ಕಾಯಿರಿ ಎಂದ ಕೂಡಲೇ ಇಂಥವನು ತಾನಾಗಿಯೇ ದೂರವಾಗುತ್ತಾನೆ. ಕಳವಿನ ಮಾಲಿನವನಿಗೆ ಕಾಯಲು ಪುರುಸೊತ್ತಿಲ್ಲ.

ಮಾಲು ಪಡೆಯುವಾಗಲೇ ಮಾಡಬೇಕಾದ್ದು

ಕಮಿಷನ್ ಮಾರಾಟ ನಡೆಸುವವರು ಒಂದು ಪುಟದ ಸ್ವೀಕೃತಿ ಪತ್ರ ಇಟ್ಟುಕೊಂಡರೆ ಸಾಕು. ಕೊಟ್ಟವರ ಹೆಸರು, ವಿಳಾಸ, ಫೋನ್, ಗುರುತಿನ ಚೀಟಿಯ ಪ್ರತಿ. ಪ್ರತಿ ಸಾಮಾನಿಗೂ ಒಂದು ಸಾಲು: ಕಂಪನಿ, ಮಾದರಿ, ಸೀರಿಯಲ್ ನಂಬರ್, ಎಲ್ಲಿಂದ ಯಾವಾಗ ಕೊಂಡದ್ದು. ಸಾಮಾನು ನನ್ನದೇ, ಸಾಲದ ಒತ್ತೆಯಲ್ಲಿಲ್ಲ, ತಕರಾರು ಬಂದರೆ ಹಣ ಹಿಂತಿರುಗಿಸುವ ಹೊಣೆ ನನ್ನದು ಎಂಬ ಘೋಷಣೆ. ಪಾಲು ಈ ಹೆಸರಿನ ಖಾತೆಗೆ ಮಾತ್ರ, ಮಾಲು ತಲುಪಿದ 30 ದಿನದ ನಂತರ. ಸಹಿ, ದಿನಾಂಕ.

ಘೋಷಣೆಗೆ ಸಹಿ ಹಾಕಿದ ಮಾತ್ರಕ್ಕೆ ಕಳ್ಳ ಒಳ್ಳೆಯವನಾಗುವುದಿಲ್ಲ. ಪತ್ರದ ಉಪಯೋಗ ಬೇರೆ: ಕಳ್ಳರಲ್ಲಿ ಹೆಚ್ಚಿನವರು ಗುರುತಿನ ಚೀಟಿ ಕೇಳಿದ ಕೂಡಲೇ ಮತ್ತೆ ಬರುವುದಿಲ್ಲ. ಬಂದರೂ, ವಿಚಾರಿಸಿ ಪಡೆದಿದ್ದೇನೆ ಎಂದು ತೋರಿಸಲು ಕಾಗದ ಇರುತ್ತದೆ.

ಕ್ಯಾಮೆರಾ ಆದರೆ ಎದುರಿಗೇ ಒಂದು ಚಿತ್ರ ತೆಗೆದು ಎಕ್ಸಿಫ್ ನೋಡಬೇಕು, ಮೆನುವಿನ ಕೃತಿಸ್ವಾಮ್ಯದ ಜಾಗ ನೋಡಬೇಕು, ಸೀರಿಯಲ್ ನಂಬರನ್ನು ಜಾಲದಲ್ಲಿ ಹುಡುಕಬೇಕು. ಕಳವಾದವರು ಹಲವು ಸಲ ನಂಬರನ್ನು ಬಹಿರಂಗವಾಗಿ ಹಾಕಿರುತ್ತಾರೆ. ಫೋನ್ ಆದರೆ *#06# ಒತ್ತಿ ಫೋನಿನ ಗುರುತಿನ ಸಂಖ್ಯೆಯಾದ 15 ಅಂಕಿಯ ಐಎಂಇಐ ಪಡೆದು ಸೆಟ್ಟಿಂಗಿನಲ್ಲಿರುವ ನಂಬರಿಗೆ, ಸಿಮ್ ತಟ್ಟೆಯ ಮೇಲೋ ಪೆಟ್ಟಿಗೆಯ ಮೇಲೋ ಇರುವ ನಂಬರಿಗೆ ತಾಳೆ ಹಾಕಬೇಕು. ಕಳವಾದ ಫೋನುಗಳನ್ನು ತಡೆಯುವ ಭಾರತದ ಸಿಇಐಆರ್‌ನಂಥ ಸರ್ಕಾರಿ ವ್ಯವಸ್ಥೆ ಇರುವ ಕಡೆ ಆ ನಂಬರ್ ತಡೆಪಟ್ಟಿಯಲ್ಲಿದೆಯೇ ಎಂದೂ ನೋಡಬಹುದು. ಕೊಟ್ಟವನು ನಿಮ್ಮೆದುರೇ ತನ್ನ ಖಾತೆಯಿಂದ ಹೊರಬಂದು ಲಾಕ್ ತೆಗೆಯಬೇಕು. ಪಾಸ್‌ವರ್ಡ್ ಮರೆತಿದ್ದೇನೆ ಎಂದರೆ ಫೋನ್ ಅಲ್ಲೇ ವಾಪಸ್. ಸೈಕಲ್ಲಿನ ಚೌಕಟ್ಟಿನ ನಂಬರ್ ಹೆಚ್ಚಾಗಿ ಪೆಡಲ್ ಅಚ್ಚಿನ ಅಡಿಯಲ್ಲಿರುತ್ತದೆ. ಅಲ್ಲಿ ಉಜ್ಜಿದ ಗುರುತು ಅಥವಾ ಹೊಸ ಬಣ್ಣ ಇದ್ದರೆ ಪಡೆಯಬಾರದು.

ಮಾಲು ಕೈಗೇ ಬರದ ಬಗೆಯೊಂದಿದೆ, ಅದು ಇನ್ನೂ ಅಪಾಯಕಾರಿ. ನೀವು ಹರಾಜಿಗಿಡಿ, ಕೊಳ್ಳುಗರ ವಿಳಾಸ ಕೊಡಿ, ಮಾಲನ್ನು ನಾವೇ ನೇರವಾಗಿ ಕಳುಹಿಸುತ್ತೇವೆ ಎನ್ನುತ್ತಾರೆ. ಅವರು ಕದ್ದ ಕಾರ್ಡಿನ ವಿವರ ಬಳಸಿ ಯಾವುದೋ ಅಂಗಡಿಯಿಂದ ಹೊಸ ಸಾಮಾನು ಕೊಂಡು ಆ ವಿಳಾಸಕ್ಕೆ ಕಳುಹಿಸುತ್ತಾರೆ. ಕೊಳ್ಳುಗರಿಗೆ ಮಾಲು ಸರಿಯಾಗಿಯೇ ತಲುಪುವುದರಿಂದ ವಾರಗಟ್ಟಲೆ ಯಾರಿಗೂ ತಿಳಿಯುವುದಿಲ್ಲ. ಕಾರ್ಡಿನ ಮಾಲೀಕರು ದೂರಿದಾಗ ಕಾಣಿಸುವುದು ನಿಮ್ಮ ಖಾತೆ. ಪೊಟ್ಟಣದೊಳಗೆ ಬೇರೆ ಅಂಗಡಿಯ ಬಿಲ್ಲು, ಬಿಲ್ಲಿನ ಮೇಲೆ ಅಪರಿಚಿತ ಹೆಸರು ಬಂದಿದೆ ಎಂದು ಒಬ್ಬ ಕೊಳ್ಳುಗ ಹೇಳಿದರೂ ಅಂದೇ ನಿಲ್ಲಿಸಬೇಕು.

ಕಳವಿನದಲ್ಲದಿದ್ದರೂ ಮಾರಲೇಬಾರದ ಸಾಮಾನುಗಳೂ ಇವೆ. ದಂತದ ವಸ್ತು ಮನೆತನದಿಂದ ಬಂದದ್ದೇ ಆದರೂ ವನ್ಯಜೀವಿ ಕಾನೂನಿನಡಿ ಬರುತ್ತದೆ. 1973ರ ಸೈಟ್ಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ಅಳಿವಿನಂಚಿನ ಜೀವಿಗಳ ಗಡಿಯಾಚೆಯ ವ್ಯಾಪಾರವನ್ನು ನಿಯಂತ್ರಿಸುತ್ತದೆ, ಇಬೇ 2009ರಿಂದ ದಂತದ ಮಾರಾಟವನ್ನೇ ನಿಷೇಧಿಸಿದೆ. ಹಳೆಯ ವಿಗ್ರಹ, ನಾಣ್ಯ, ಶಾಸನದ ತುಂಡು ಕಮಿಷನ್‌ಗೆ ಬಂದರೆ ಮೂಲದ ದಾಖಲೆ ಇಲ್ಲದೆ ಮುಟ್ಟಬಾರದು. ಇಂಟರ್‌ಪೋಲ್‌ನ ಕಳವಾದ ಕಲಾಕೃತಿಗಳ ದತ್ತಾಂಶವನ್ನು ಐಡಿ-ಆರ್ಟ್ ಎಂಬ ಆ್ಯಪಿನಲ್ಲಿ ಯಾರು ಬೇಕಾದರೂ ಹುಡುಕಬಹುದು.

ಪ್ರಕರಣ ಎಲ್ಲಿಗೆ ಬಂತು

ಮನೆಯಲ್ಲಿ ಉಳಿದಿದ್ದ 9ರಲ್ಲಿ 7 ದೂರಿನ ಪಟ್ಟಿಗೆ ತಾಳೆಯಾದವು. ಒಟ್ಟು 21ರಲ್ಲಿ 15 ಕಳವಿನವು. ಒಂಬತ್ತನ್ನೂ ಪೊಲೀಸರು ಮಹಜರು ಮಾಡಿ ಜಪ್ತಿ ಮಾಡಿಕೊಂಡರು, ಮಾರಾಟಗಾರ್ತಿಯನ್ನು ಸಾಕ್ಷಿಯಾಗಿ ಹೆಸರಿಸಿದರು. ಕೊಳ್ಳುಗರಿಂದ ವಾಪಸ್ ಬಂದ ಎಂಟು ಸಾಮಾನು ಅವರ ಮನೆಗೆ ಬರದೆ ನೇರವಾಗಿ ಠಾಣೆಗೆ ಹೋಗುವಂತೆ ತನಿಖಾಧಿಕಾರಿಯ ಪತ್ರ ಪಡೆದು ಕೊಳ್ಳುಗರಿಗೆ ಕಳುಹಿಸಲಾಯಿತು. ಇದಕ್ಕೆ ಕಾರಣವಿದೆ: ವಾಪಸ್ ಬಂದ ಕಳವಿನ ಮಾಲನ್ನು ಮತ್ತೆ ಕೈಗೆ ತೆಗೆದುಕೊಂಡರೆ ಅದು ಗೊತ್ತಿದ್ದೂ ಪಡೆದಂತಾಗುವ ಗೊಂದಲಕ್ಕೆ ಎಡೆಯಾಗುತ್ತದೆ. ಹಣ ಮಾತ್ರ ತಾಣದ ಮೂಲಕವೇ ಹಿಂತಿರುಗಿತು, ಹಾಗಾಗಿ ಕೊಳ್ಳುಗರ ತಕರಾರುಗಳು ದಾಖಲೆ ಸಮೇತ ಮುಕ್ತಾಯವಾದವು.

ಪೊಲೀಸರ ಪತ್ರದ ಪ್ರತಿ, ಹಣ ಹಿಂತಿರುಗಿಸಿದ ಪಟ್ಟಿ, ಹೊಸ ಸ್ವೀಕೃತಿ ಪತ್ರದ ನಮೂನೆ ಈ ಮೂರನ್ನೂ ಸೇರಿಸಿ ಮೇಲ್ಮನವಿ ಹಾಕಿದ ಮೇಲೆ ತಾಣ ಖಾತೆಯನ್ನು ಮಾರಾಟದ ಮಿತಿ ಇಟ್ಟು ತೆರೆಯಿತು. ಮಾರಿಹೋದ ಇನ್ನು ನಾಲ್ಕು ಸಾಮಾನಿನ ವಿಷಯ ತೆರೆದೇ ಇದೆ. ಅವುಗಳ ಮೇಲೆ ದೂರಿಲ್ಲ, ಕಳವಿನವಲ್ಲ ಎಂಬುದಕ್ಕೂ ಆಧಾರವಿಲ್ಲ. ಆ ನಾಲ್ವರು ಕೊಳ್ಳುಗರಿಗೆ ಸೀರಿಯಲ್ ನಂಬರ್ ಸಮೇತ ವಿಷಯ ತಿಳಿಸಿ, ಬಯಸಿದರೆ ಹಣ ವಾಪಸ್ ಕೊಡುವುದಾಗಿ ಬರೆಯಲಾಗಿದೆ. ಇಬ್ಬರು ಒಪ್ಪಿದರು, ಇಬ್ಬರು ಸಾಮಾನು ಇಟ್ಟುಕೊಂಡರು.